ಮಣ್ಣು ಮುಟ್ಟಿಸುವ ಸೋಮವಾರ

ಧಣಿಯ ವಾಡೆಯ ಬಾಗಿಲಲ್ಲಿ ಸಾಲು ಮೂರು ಹೆಜ್ಜೆ ಮುಂದೆ ಸರಿಯಿತು. ತಾಯವ್ವ ಸೆರಗನ್ನು ಮುಖದ ಮೇಲೆ ಇನ್ನಷ್ಟು ಎಳೆದುಕೊಂಡಳು. ಅಂಗೈಯಲ್ಲಿ ಹಸಿ ಮಣ್ಣು, ಮುಂಗೈಯಲ್ಲಿ ಹಸಿರು ಬಳೆ. ಎರಡು ಹರದಾರಿ ಆಚೆ, ಅವಳ ಊರಲ್ಲಿ, ಗಂಡ ಅಮಾತೆಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಕುಣಿ ಅಗೆದಾಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕು. ಆಮೇಲೆ ಬಳೆ ಒಡೆಯುತ್ತಾರೆ.

ಮೊದಲ ಹಿಡಿ ಮಣ್ಣು ಮಗನದು. ಇದ್ದೊಬ್ಬ ಮಗನನ್ನು ನಾಲ್ಕು ವರ್ಷದ ಹಿಂದೆ ವಾಡೆಯವರು ದತ್ತಕ ತೆಗೆದುಕೊಂಡಿದ್ದರು. ಈಗವನಿಗೆ ಎಂಟು. ಸರಕಾರಿ ಕಾಗದದಲ್ಲಿ ಅಜ್ಞಾನ ಸಂಸ್ಥಾನಿಕ, ಎಂದರೆ ಇನ್ನೂ ವಯಸ್ಸಿಗೆ ಬಾರದವ; ರೈತರ ಬಾಯಲ್ಲಿ ಸಣ್ಣ ಧಣಿ. ಆಳುವವನು ಮಾತ್ರ ಕಾರಭಾರಿ. ಹಡೆದವಳು ವಾಡೆಯ ಹೊಸ್ತಿಲು ತುಳಿಯಬಾರದೆಂದು ಬರೆಸಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡವನೂ ಅವನೇ. ಬೆಳಿಗ್ಗೆ ಮೈದುನ ಅಂದಾನಪ್ಪ ಬಂದು ಬೇಡಿಕೊಂಡರೆ, ಧಣಿಗೂ ಆ ಹೆಣಕ್ಕೂ ಸಂಬಂಧವಿಲ್ಲ, ಸುದ್ದಿ ಕೂಡ ಹುಡುಗನ ಕಿವಿಗೆ ಬೀಳಕೂಡದು ಎಂದು ಬಾಗಿಲಿಂದಲೇ ಅಟ್ಟಿದ್ದ.

ಇವತ್ತು ಬಿತ್ತಿಗೆಯ ಮೊದಲ ಸೋಮವಾರ. ರೈತರು ಹೊಲದ ಹಿಡಿ ಮಣ್ಣು ತಂದು, ಧಣಿಯ ಕೈ ಮುಟ್ಟಿಸಿಕೊಂಡು ಒಯ್ದು, ಕೂರಿಗೆಯ ಮುಂದೆ ಚೆಲ್ಲುತ್ತಾರೆ. ತಾಯವ್ವನ ಕೈಯಲ್ಲಿದ್ದದ್ದು ಕುಣಿಯ ಮಣ್ಣು. ಗಂಡ ಸತ್ತವಳ ಮಣ್ಣನ್ನು ಧಣಿಗೆ ಮುಟ್ಟಿಸುವುದಿಲ್ಲ. ಆದರೆ ಬಳೆ ಇನ್ನೂ ಕೈಯಲ್ಲಿದ್ದವು.

ಬಾಗಿಲು ಕಾಯುವ ಹುಸೇನಪೀರ ಅವಳ ಒಡೆದ ಹಿಮ್ಮಡಿ ನೋಡಿಯೇ ಗುರುತು ಹಿಡಿದ.

“ಯವ್ವಾ, ನೀ ಬರಬಾರದಿತ್ತು.”

“ಒಳಗ ಬಿಡಪಾ. ಅವಗ ಏನೂ ಹೇಳಂಗಿಲ್ಲ ನಾ.”

“ಹೇಳಿದೆಂದ್ರ ನನ್ನ ನೌಕರಿನೂ ಹೋತು.”

ಅವನು ಕೋಲು ಸರಿಸಿ ಬೇರೆ ಕಡೆ ಮುಖ ತಿರುಗಿಸಿದ.

ಹುಡುಗ ದೊಡ್ಡ ಕುರ್ಚಿಯಲ್ಲಿದ್ದ. ಕಾಲು ನೆಲಕ್ಕೆ ನಿಲುಕುತ್ತಿರಲಿಲ್ಲ. ಜರಿ ರುಮಾಲು ಕಿವಿಯವರೆಗೆ ಇಳಿದಿತ್ತು. ತೊಲೆಯ ಮೇಲೆ ಗೂಡು ಕಟ್ಟುವ ಗುಬ್ಬಿಯನ್ನು ನೋಡುತ್ತಲೇ ಮಣ್ಣು ಮುಟ್ಟುತ್ತಿದ್ದ, ಕಲಿಸಿದಂತೆ “ಮುಟ್ಟಿತು” ಎನ್ನುತ್ತಿದ್ದ. ಮುಂದಿದ್ದ ಮುದುಕನ ಸರದಿಗೆ ಆಕಳಿಸಿದ.

“ಧಣಿ ಆಕಳಿಸಿದ್ರು. ಈ ವರ್ಷ ಮಳಿನೂ ಮಲಗತೈತಿ ತಗೋರಿ,” ಎಂದು ಮುದುಕ ನಕ್ಕ. ಕಾರಭಾರಿ ಗದರಿಸಿ ಅವನನ್ನು ದಾಟಿಸಿದ.

ತಾಯವ್ವ ಬಗ್ಗಿ ಅಂಗೈ ಚಾಚಿದಳು.

“ಇಷ್ಟು ಹಸಿ? ಎಲ್ಲೀದಿದು?” ಎಂದ ಕಾರಭಾರಿ.

“ಆಳದ ಮಣ್ಣ್ರಿ.”

ಹುಡುಗನ ಕಣ್ಣು ಗುಬ್ಬಿಯಿಂದ ಕೆಳಗಿಳಿಯಿತು. ಸೆರಗಿನ ಮೇಲೆ ನಿಂತಿತು. ಅವಳು ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿದಳು. ಒಂದು ಗೇಣು ಮೇಲೆತ್ತಿದರೆ ಸಾಕಿತ್ತು, ಅವನು ಅವ್ವಾ ಎನ್ನುತ್ತಿದ್ದ. ಆಳುಗಳು ರಟ್ಟೆ ಹಿಡಿದು ಹೊರಗೆ ದಬ್ಬುತ್ತಿದ್ದರು, ಮಣ್ಣು ಅಲ್ಲೇ ಚೆಲ್ಲುತ್ತಿತ್ತು. ಅವಳು ಎತ್ತಲಿಲ್ಲ.

ಮೂರು ಬೆರಳು ಮಣ್ಣಿನೊಳಗೆ ಇಳಿದವು. ತುಸು ಹೊತ್ತು ಅಲ್ಲೇ ಇದ್ದವು.

“ಮುಟ್ಟಿತು,” ಎಂದ ಹುಡುಗ. ಈ ಸಲ ಮೆಲ್ಲಗೆ.

“ಮುಂದಿನವರು,” ಎಂದ ಕಾರಭಾರಿ.

ಮುಷ್ಟಿ ಕಟ್ಟಿದರೆ ಗುರುತು ಅಳಿಯುತ್ತದೆಂದು ಎರಡು ಹರದಾರಿಯನ್ನೂ ಅಂಗೈ ಬಿಚ್ಚಿಕೊಂಡೇ ನಡೆದಳು. ಬಿಸಿಲಿಗೆ ಒಣಗಬಾರದೆಂದು ಸೆರಗು ಮರೆ ಹಿಡಿದಳು. ಕುಣಿಯ ದಂಡೆಗೆ ಬಂದಾಗ ಮಣ್ಣಿನಲ್ಲಿ ಮೂರು ಪುಟ್ಟ ಕುಳಿ ಹಾಗೇ ಇದ್ದವು. ಕೆಳಗೆ ಅಮಾತೆಪ್ಪ ತಲೆ ತಗ್ಗಿಸಿ ಕೂತಿದ್ದ.

“ವೈನಿ, ಹೊತ್ತು ಮುಳಗಾಕತ್ತೈತಿ. ಹಾಕ್ರಿ,” ಎಂದ ಅಂದಾನಪ್ಪ.

ತಾಯವ್ವ ಕುಣಿಯ ಮೇಲೆ ಕೈ ಚಾಚಿದಳು. ಆ ಮೂರು ಕುಳಿಗಳನ್ನೇ ನೋಡಿದಳು, ಅಂಗೈ ಮಗುಚಲಿಲ್ಲ. ಮುಂಗೈಯ ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.