ಒರತೆಗೆ ಅಂಟಿಕೊಂಡ ಕ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡರೆ ಜನ ನಗುತ್ತಾರೆ. ನಮ್ಮ ಮನೆಯ ಕೂಸು ಗೋಡೆ ಹಿಡಿದು ಎದ್ದು ನಿಲ್ಲುವ ಹೊತ್ತಾದರೂ ಅದಕ್ಕೊಂದು ಹೆಸರಿರಲಿಲ್ಲ. ಹನ್ನೊಂದು ತಿಂಗಳು ಕಳೆದಿತ್ತು. ನನ್ನ ಗಂಡ ಪುಟ್ಟಿ ಎನ್ನುತ್ತಿದ್ದ, ನನ್ನಪ್ಪ ಪಾಪು ಎನ್ನುತ್ತಿದ್ದ. ನನಗೆ ಕರೆಯುವಷ್ಟು ತ್ರಾಣವೂ ಇಲ್ಲದೆ ಸುಮ್ಮನೆ ಎತ್ತಿಕೊಳ್ಳುತ್ತಿದ್ದೆ. ಲಸಿಕೆಯ ಕಾರ್ಡಿನಲ್ಲಿ ಹೆಸರಿನ ಜಾಗದಲ್ಲಿ ‘ಸಾಕು ಅವರ ಹೆಣ್ಣು ಮಗು’ ಎಂದಿತ್ತು. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಸಾಕು ಅಂದರೆ ನಾನೇ. ಮೂವರು ಅಕ್ಕಂದಿರ ಬೆನ್ನಿಗೆ ಹುಟ್ಟಿದವಳು. ಅವರಿಗೆಲ್ಲ ಚೆಂದದ ಹೆಸರುಗಳಿವೆ. ನನ್ನ ಸರದಿ ಬಂದಾಗ ನೋಂದಣಿ ಕಚೇರಿಯಲ್ಲಿ ಗುಮಾಸ್ತ ಹೆಸರು ಕೇಳಿದನಂತೆ, ಅಪ್ಪ ‘ಸಾಕು’ ಅಂದನಂತೆ, ಅವನು ಬರೆದುಕೊಂಡನಂತೆ. ದೊಡ್ಡಕ್ಕ ಹೇಳಿದ ಕಥೆ ಇದು. ಚಿಕ್ಕವಳಿದ್ದಾಗ ಊಟಕ್ಕೆ ಕೂತಿರುವಾಗ ಅಮ್ಮ ಒಳಗಿನಿಂದ ನನ್ನನ್ನು ಕೂಗಿದರೆ ಬಡಿಸುತ್ತಿದ್ದ ಅಕ್ಕ ಸೌಟು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸಾಕು ಅಂದರೆ ಬೆಳೆಸು, ಪೋಷಿಸು ಅಂತಲೂ ಅರ್ಥ ಇದೆಯಮ್ಮ ಎಂದು ಶಾಲೆಯ ಮೇಷ್ಟ್ರು ಸಮಾಧಾನ ಹೇಳಿದ್ದರು. ಆ ಅರ್ಥದ ಸಾಕು ಸಾಕುನಾಯಿಯಲ್ಲೂ ಇರುತ್ತದೆ, ಸಾಕುಬೆಕ್ಕಿನಲ್ಲೂ ಇರುತ್ತದೆ. ನನ್ನ ಗಂಡ ಒಂದು ದಿನವೂ ನನ್ನನ್ನು ಆ ಹೆಸರಿನಿಂದ ಕರೆದವನಲ್ಲ. ಅವನಿಗೆ ನಾನು ಮೈಕು.

ಮೈಕು ಯಾಕೆಂದರೆ ನನ್ನ ಕೆಲಸವೇ ಅದು. ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವವಳು ನಾನು. ಒಂದು ಗಾಜಿನ ಗೂಡು, ಒಂದು ಕುರ್ಚಿ, ಕತ್ತು ತಿರುಗಿಸಲಾರದ ಒಂದು ಫ್ಯಾನು, ಬುಡದಲ್ಲಿ ಗುಂಡಿ ಇರುವ ಮೈಕು. ಒಂಬತ್ತು ವರ್ಷದಿಂದ ಅಲ್ಲಿ ಕೂತು ಬಸ್ಸುಗಳನ್ನೂ ಕಳೆದುಹೋದವರನ್ನೂ ಕರೆಯುತ್ತಿದ್ದೇನೆ. ಯಾವ ಹೆಸರು ಹಾರ್ನುಗಳ ನಡುವೆ ಉಳಿಯುತ್ತದೆ, ಯಾವುದು ನಾಲ್ಕನೇ ಪ್ಲಾಟ್‌ಫಾರ್ಮ್ ದಾಟುವುದರೊಳಗೆ ಸತ್ತುಹೋಗುತ್ತದೆ ಎಂಬುದು ನನಗೆ ಗೊತ್ತು. ಒಮ್ಮೆ ಕೂಗಿದರೆ ಆರು ತಾಯಂದಿರು ಓಡಿಬರುವ ಹೆಸರುಗಳೂ ಗೊತ್ತು.

ಹಾಗಾಗಿ ಮಗಳ ಹೆಸರಿನ ವಿಷಯದಲ್ಲಿ ನನ್ನದು ಹಟ ಎಂದರೆ ಹಟವೇ. ಮಣ್ಣು, ನೀರು, ಗಿಡ, ಗಾಳಿ, ಇವುಗಳಿಂದ ಬಂದಿರಬೇಕು. ಬೀದಿಗೆ ನಾಲ್ಕು ಇರಬಾರದು. ಹಾಗಂತ ಕರೆಯುವವರ ನಾಲಿಗೆ ಹೊರಳದಂತೆಯೂ ಇರಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಆ ಹೆಸರಿನೊಳಗೆ ಯಾರ ಬೇಸರವೂ ಇರಬಾರದು. ಒಬ್ಬರ ಬೇಸರವನ್ನು ಇನ್ನೊಬ್ಬರು ಜನ್ಮವಿಡೀ ಹೊತ್ತುಕೊಂಡು ತಿರುಗುವುದು ಏನೆಂದು ನನಗೆ ಗೊತ್ತು.

ನನ್ನ ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವವನು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನನ್ನ ಗೂಡಿಗೆ ಬರುತ್ತಿದ್ದ. ಜೇಬಿನಲ್ಲಿ ಮಸಿ ಹತ್ತಿದ ಚೀಟಿ, ಅದರ ತುಂಬ ಹೆಸರುಗಳು.

“ಅಲೆ,” ಎಂದು ಶುರು ಮಾಡುತ್ತಿದ್ದ.

“ದಿನಾ ಅಲೆ ಅಲೆ ಅಂತ ಕರೆದ್ರೆ ಊರೆಲ್ಲ ಅಲೀತಾಳೆ.”

“ತೊರೆ?”

“ಯಾರನ್ನ ತೊರೀಬೇಕು? ನನ್ನನ್ನಾ, ನಿನ್ನನ್ನಾ?”

“ನನೆ. ಅಂದ್ರೆ ಮೊಗ್ಗು.”

“ಅವಳು ನನೀತಾನೇ ಇದಾಳೆ. ದಿನಕ್ಕೆ ಎಂಟು ಬಟ್ಟೆ ಒಗೀತಿದೀನಿ.”

“ಸೋನೆ ಮಳೆ ಅಂತಾರಲ್ಲ, ಸೋನೆ.”

“ಲೆಕ್ಕದ ಮೇಷ್ಟ್ರು ಸೊನ್ನೆ ಅಂತಾರೆ.”

ಇಬ್ಬನಿ ಎಂಬುದು ಇಬ್ಬರಿಗೂ ಹಿಡಿಸಿತ್ತು. ವಿಚಾರಿಸಿದರೆ ಹಿಂದಿನ ಬೀದಿಯಲ್ಲೇ ಎರಡು ಇಬ್ಬನಿಗಳಿದ್ದವು. ಗಂಡ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. “ಹೆಸರಲ್ಲಿ ಹುಳುಕು ಹುಡುಕೋ ಕೆಲಸಕ್ಕೆ ಸಂಬಳ ಇದ್ದಿದ್ರೆ, ಮೈಕು, ನಾನು ಟೈರು ಮುಟ್ತಾನೇ ಇರ್ಲಿಲ್ಲ,” ಎಂದ. ನಗಬೇಕು ಅನ್ನಿಸಿತು. ನಗಲು ಆಗದಷ್ಟು ನಿದ್ದೆ ಕಣ್ಣಲ್ಲಿತ್ತು.

ವರ್ಷ ತುಂಬುವುದರೊಳಗೆ ಹೆಸರು ಸೇರಿಸದಿದ್ದರೆ ನೋಂದಣಿ ಕಚೇರಿಯಲ್ಲಿ ಆಗುವುದಿಲ್ಲ, ಕೋರ್ಟಿಗೆ ಅಲೆಯಬೇಕು ಎಂದು ಎಲ್ಲರೂ ಹೆದರಿಸುತ್ತಿದ್ದರು. ಮೂರು ವಾರ ಉಳಿದಿತ್ತು.

ನಾವಿಬ್ಬರೂ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುತ್ತಿದ್ದವನು ಅಪ್ಪ. ನಲವತ್ತು ವರ್ಷ ಬಾವಿ ತೋಡಿದವನು. ಮೊಣಕಾಲು ಕೈಕೊಟ್ಟ ಮೇಲೆ, ಅಮ್ಮನೂ ಹೋದ ಮೇಲೆ, ನಮ್ಮ ಮನೆಗೆ ಬಂದಿದ್ದ. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಹಾಲು ಕುಡೀತಾ, ಹ್ಞೂ, ಮಲಗಿದ್ಳಾ, ಈಗ ಎದ್ಲು, ಇಷ್ಟೇ. ಹೆಸರಿನ ವಿಷಯವನ್ನು ನಾನು ಅವನ ಮುಂದೆ ಎತ್ತುತ್ತಲೇ ಇರಲಿಲ್ಲ. ಈ ವಿಷಯದಲ್ಲಿ ಅವನ ಕೈಗುಣ ನೋಡಿಯಾಗಿತ್ತು.

ಒಂದು ದಿನ ಬೆಳಗಿನ ಪಾಳಿ ಮುಗಿಸಿ ಬಂದಾಗ ಅಪ್ಪ ಚಾಪೆಯ ಮೇಲೆ ಕೂತು ಮಗುವಿನ ಗಲ್ಲ ಒರೆಸುತ್ತಿದ್ದ. ಹಲ್ಲು ಬರುತ್ತಿದ್ದ ಕಾಲ, ಜೊಲ್ಲು ಒಂದೇ ಸಮ ಇಳಿಯುತ್ತಿತ್ತು.

“ಏನು ಒರತೆಯೇ ಇದು,” ಎಂದು ಅವಳಿಗೆ ಹೇಳುತ್ತಿದ್ದ. “ಒರೆಸಿದಷ್ಟೂ ಬರುತ್ತಲ್ಲೇ.”

ನಾನು ಚಪ್ಪಲಿ ಬಿಡುವುದನ್ನು ಮರೆತು ನಿಂತೆ. “ಒರತೆ ಅಂದ್ರೆ ಬಾವಿದಾ?” ಎಂದೆ.

“ಮತ್ತಿನ್ನೇನು?” ಅಪ್ಪ ತಲೆಯೆತ್ತಲಿಲ್ಲ. “ತೋಡ್ತಾ ತೋಡ್ತಾ ಮೊದ್ಲು ಮಣ್ಣಿನ ಬಣ್ಣ ಬದಲಾಗುತ್ತೆ. ಆಮೇಲೆ ಬದೀಲಿ ಎಲ್ಲೋ ಒಂದು ಕಡೆ ಬೆರಳಷ್ಟು ಜಾಗ ಒದ್ದೆಯಾಗುತ್ತೆ. ಒರೆಸಿದ್ರೆ ಮತ್ತೆ ಒದ್ದೆ. ಅದನ್ನ ಕಂಡ ದಿನ ನಾವ್ಯಾರೂ ಗುದ್ದಲಿ ಎತ್ತುತ್ತಿರ್ಲಿಲ್ಲ. ಬೀಡಿ ಹಚ್ಕೊಂಡು ನೋಡ್ತಾ ಕೂತಿರ್ತಿದ್ವಿ.”

ಅಷ್ಟು ಉದ್ದದ ಮಾತನ್ನು ಅವನು ನನ್ನೊಂದಿಗೆ ಆಡಿ ಎಷ್ಟು ಕಾಲವಾಗಿತ್ತೋ. ಹೆಸರು ಸಿಕ್ಕಿತೆಂದು ನಾನು ಅವನಿಗೆ ಹೇಳಲಿಲ್ಲ. ಆ ಹೆಗ್ಗಳಿಕೆ ಅವನಿಗೆ ಹೋಗುವುದು ನನಗೆ ಬೇಕಿರಲಿಲ್ಲ, ಅದನ್ನು ಮುಚ್ಚಿಟ್ಟು ಫಲವಿಲ್ಲ.

ಗಂಡನಿಗೂ ಹಿಡಿಸಿತು. ಆದರೂ ಕೂಗಿ ನೋಡದೆ ಒಪ್ಪುವವಳು ನಾನಲ್ಲ. ಮರುದಿನ ಮಧ್ಯಾಹ್ನ, ಬಸ್ಸುಗಳು ಕಡಿಮೆ ಇದ್ದ ಹೊತ್ತಿನಲ್ಲಿ, ಅವನನ್ನು ಕೊನೆಯ ಪ್ಲಾಟ್‌ಫಾರ್ಮಿಗೆ ಕಳಿಸಿದೆ. ಗುಂಡಿ ಒತ್ತಿ ಹೇಳಿದೆ, “ಒರತೆ, ಎಲ್ಲಿದ್ದರೂ ಪ್ರಕಟಣಾ ಕೊಠಡಿಗೆ ಬರಬೇಕು.”

ಮೊದಲು ಬಂದವನು ಟೀ ಮಾರುವವನು. “ಯಾವ ಕೊರತೆ ಸಾಕಕ್ಕ? ನನ್ನ ಹತ್ರ ಚಿಲ್ಲರೆ ಕೊರತೆ ಇದೆ, ಕಳಿಸ್ಲಾ?” ಎಂದ. ಅವನ ಹಿಂದೆಯೇ ಕಂಡಕ್ಟರೊಬ್ಬ ಇಣುಕಿ, ಇಲಾಖೆಯಲ್ಲಿರುವ ಕೊರತೆಗಳೆಲ್ಲ ಕೊಠಡಿಗೆ ಬಂದರೆ ಗಾಜು ಒಡೆದುಹೋಗುತ್ತೆ ಎಂದ. ಕೊನೆಗೆ ಗಂಡ ಓಡುತ್ತ ಬಂದ. “ಅಲ್ಲಿಗೂ ಕೊರತೆ ಅಂತಲೇ ಕೇಳ್ತು,” ಎಂದ.

ತಪ್ಪು ಹೆಸರಿನದಲ್ಲ. ಆ ಹಳೇ ಮೈಕಿನ ಗುಂಡಿ ಒತ್ತಿದರೆ ‘ಕ್’ ಎನ್ನುತ್ತದೆ. ಆ ಸದ್ದಿನ ಬೆನ್ನಿಗೇ ಸ್ವರದಿಂದ ಶುರುವಾಗುವ ಮಾತು ಬಂದರೆ ಎರಡೂ ಅಂಟಿಕೊಳ್ಳುತ್ತವೆ. ಗುಂಡಿ ಒತ್ತು, ಒಂದು ಉಸಿರು ಬಿಡು, ಆಮೇಲೆ ಮಾತಾಡು ಎಂಬುದು ಈ ಕೆಲಸದ ಮೊದಲ ಪಾಠ. ಹೊಸಬರಿಗೆ ನಾನೇ ಅದನ್ನು ಹೇಳಿಕೊಡುತ್ತೇನೆ. ಹೆರಿಗೆ ರಜೆ ಮುಗಿಸಿ ಬಂದಂದಿನಿಂದ ಆ ಒಂದು ಉಸಿರನ್ನು ನಾನು ನುಂಗುತ್ತಿದ್ದೆ. ಪ್ರಕಟಣೆ ಮುಗಿದರೆ ಸಾಕು, ಕಣ್ಣು ಮುಚ್ಚಿದರೆ ಸಾಕು ಎಂಬ ಆತುರ.

ಗಂಡನನ್ನು ವಾಪಸು ಅಲ್ಲಿಗೇ ಕಳಿಸಿ ಮತ್ತೆ ಒತ್ತಿದೆ. ಉಸಿರು ಬಿಟ್ಟೆ. “ಒರತೆ,” ಎಂದೆ. ದೂರದಲ್ಲಿ ಗಂಡ ಕೈ ಎತ್ತಿದ.

ನೋಂದಣಿ ಕಚೇರಿಗೆ ಹೋದದ್ದು ಅವಧಿ ಮುಗಿಯಲು ಎರಡು ದಿನ ಇರುವಾಗ. ಅದಕ್ಕೆ ಮುಂಚೆ ಎರಡು ಸಲ ಹೋಗಿ ಒಮ್ಮೆ ನಕಲು ಪ್ರತಿ ಇಲ್ಲವೆಂದು, ಒಮ್ಮೆ ಕಂಪ್ಯೂಟರ್ ನಡೆಯುತ್ತಿಲ್ಲವೆಂದು ವಾಪಸು ಬಂದಿದ್ದೆ. ಗಂಡನಿಗೆ ರಜೆ ಸಿಗಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಅಪ್ಪ ಬಂದ. ಸಾಲು ಮೆಟ್ಟಿಲವರೆಗೂ ಇತ್ತು. ನನ್ನ ಪಾಳಿ ಎರಡು ಗಂಟೆಗೆ. ಮಗುವಿಗೆ ಹಲ್ಲಿನ ಜ್ವರ, ರಾತ್ರಿಯೆಲ್ಲ ಹೆಗಲ ಮೇಲೇ ಇತ್ತು. ನಿಂತಲ್ಲೇ ನನಗೆ ಎರಡು ಸಲ ತೂಕಡಿಕೆ ಬಂತು, ಹಿಂದಿನವರು ಮುಂದೆ ತಳ್ಳಿದಾಗ ಎಚ್ಚರವಾಯಿತು.

ಕೌಂಟರಿಗೆ ದಪ್ಪ ಗಾಜು. ಈಚೆಗೊಂದು ಮೈಕು, ಗುಂಡಿಯದು. ಒಳಗಿದ್ದ ಹೆಂಗಸು ನನ್ನ ಅರ್ಜಿಯನ್ನು ಒಂದು ರಾಶಿಯ ಕೆಳಗೆ ಸೇರಿಸಿ, ಪರದೆಯಿಂದ ಕಣ್ಣು ತೆಗೆಯದೆ, “ಮಗು ಹೆಸರು ಹೇಳಿ,” ಎಂದಳು. ನಾನು ಗುಂಡಿ ಒತ್ತಿ ಹೇಳಿದೆ. ಆಕೆ ಟೈಪು ಮಾಡಿದಳು. ಗಾಜಿನ ಕೆಳಗಿನ ಸಂದಿಯಿಂದ ಬಿಸಿ ಕಾಗದ ಹೊರಗೆ ಬಂತು. ಸಹಿ ಹಾಕುವ ಕಡೆ ಒಂದು ಗುರುತು. ಅದರ ಮೇಲೆ, ಹೆಸರಿನ ಜಾಗದಲ್ಲಿ, ಕೊರತೆ.

“ಇದು ತಪ್ಪಾಗಿದೆ ಮೇಡಂ. ಒರತೆ,” ಎಂದೆ.

“ನೀವು ಹೇಳಿದ್ದನ್ನೇ ಹೊಡೆದಿದ್ದು. ಈಗ ತೆಗೆಯೋಕಾಗಲ್ಲ. ಸಹಿ ಹಾಕಿ, ಆಮೇಲೆ ತಿದ್ದುಪಡಿಗೆ ಅರ್ಜಿ ಕೊಡಿ. ಹಿಂದೆ ಎಷ್ಟು ಜನ ಇದಾರೆ ನೋಡಿ.”

ನಾನು ಹಿಂದೆ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗು ಅಳುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಒಂದೂಕಾಲು. ಹನ್ನೊಂದು ತಿಂಗಳು ಅಳೆದೂ ಸುರಿದೂ ಹೆಸರು ಆರಿಸಿದವಳು, ಕಂಡವರ ಹೆಸರಿನಲ್ಲೆಲ್ಲ ತಪ್ಪು ತೆಗೆದವಳು, ಪೆನ್ನು ಎತ್ತಿಕೊಂಡೆ. ಇರಲಿ ಬಿಡು, ಇಲ್ಲಿಂದ ಹೊರಬಿದ್ದರೆ ಸಾಕು ಎನ್ನಿಸಿತ್ತು.

“ಏನಂತೆ?” ಎಂದ ಅಪ್ಪ.

“ಕೊರತೆ ಅಂತ ಬಿದ್ದಿದೆ. ಆಮೇಲೆ ತಿದ್ದಿಸ್ತೀನಿ.”

ಅಪ್ಪ ಮಗುವನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯಿಂದ ನನ್ನ ಪೆನ್ನು ಕಿತ್ತುಕೊಂಡ.

“ಆಮೇಲೆ ಅನ್ನೋದು ಬರಲ್ಲ,” ಎಂದ. “ಬಂದಿದ್ರೆ ನಿನ್ನದು ಎಂದೋ ತಿದ್ದಿಸ್ತಿದ್ದೆ.”

ಆಮೇಲೆ ಅವನು ಕೌಂಟರಿನ ಕಟ್ಟೆಯ ಮೇಲೆ ಮೊಣಕೈ ಊರಿ ನಿಂತ. ಕೂಗಾಡಲಿಲ್ಲ. “ಅರ್ಜೀಲಿ ಸರಿಯಾಗಿ ಬರೆದಿದೆ ತಾಯಿ, ತೆಗೆದು ನೋಡಿ. ಅದು ಸರಿಯಾಗೋವರ್ಗೂ ನಾನು ಇಲ್ಲಿಂದ ಅಲ್ಲಾಡಲ್ಲ,” ಎಂದ. ಗುಂಡಿ ಒತ್ತುವುದು ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಒಳಗಿನವಳಿಗೆ ಏನೂ ಕೇಳಿಸಲಿಲ್ಲ. ನಾನೇ ಒತ್ತಿ ಹಿಡಿದೆ. ಅವನು ಇನ್ನೊಮ್ಮೆ ಹೇಳಿದ. ಸಾಲಿನವರು ಗೊಣಗಿದರು. ಹಿಂದಿನಿಂದ ಯಾರೋ, ಮುದುಕಪ್ಪಂಗೆ ಬೇರೆ ಕೆಲಸ ಇಲ್ಲ ಎಂದರು. ಅಪ್ಪ ಅಲ್ಲಾಡಲಿಲ್ಲ. ಹತ್ತು ನಿಮಿಷವಾದ ಮೇಲೆ ಆ ಹೆಂಗಸು ರಾಶಿಯ ಕೆಳಗಿನಿಂದ ಅರ್ಜಿ ಎಳೆದು, ಯಾರಿಗೋ ಫೋನು ಮಾಡಿ, ಹಳೆಯದನ್ನು ರದ್ದು ಮಾಡಿಸಿದಳು. ಎರಡನೇ ಕಾಗದವನ್ನು ನಾನು ಮೂರು ಸಲ ಓದಿ ಸಹಿ ಹಾಕಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಒರತೆ ಅಳುವುದು ನಿಲ್ಲಿಸಿ ಅಪ್ಪನ ಭುಜ ಒದ್ದೆ ಮಾಡುತ್ತ ಮಲಗಿದ್ದಳು.

“ಎಂದೋ ತಿದ್ದಿಸ್ತಿದ್ದೆ ಅಂದ್ಯಲ್ಲ, ಏನದು?” ಎಂದೆ.

ಅಪ್ಪ ಮಗುವಿನ ಬೆನ್ನು ತಟ್ಟುತ್ತ ಹೇಳಿದ. “ಆ ಗುಮಾಸ್ತ ಹೆಸರು ಕೇಳಿದ್ದಲ್ಲ. ಎಷ್ಟನೇ ಹೆಣ್ಣು ಅಂದ. ನಾಲ್ಕನೇದು, ಸಾಕಪ್ಪಾ ಸಾಕು ಅಂದೆ. ಬರ್ಕೊಂಡ. ಕಾಗದ ಕೈಗೆ ಬಂದ್ಮೇಲೆ ನೋಡ್ದೆ. ತಿದ್ದು ಅನ್ನೋಕೆ ಮತ್ತೆ ಸಾಲಲ್ಲಿ ನಿಲ್ಬೇಕಿತ್ತು. ಮೂರು ದಿನದಿಂದ ಬಾವಿಯೊಳಗೇ ಇದ್ದೆ ಮಗಳೇ. ಕಾಲು ನಿಲ್ತಿರ್ಲಿಲ್ಲ. ಆಮೇಲೆ ತಿದ್ದಿಸಿದ್ರಾಯ್ತು ಅಂತ ಬಂದ್ಬಿಟ್ಟೆ.”

ಮೂವತ್ನಾಲ್ಕು ವರ್ಷದ ಸಿಟ್ಟು ಆಗ ಕೆಲಸಕ್ಕೆ ಬರಬೇಕಿತ್ತು. ಬರಲಿಲ್ಲ. ಹಾಗೆ ಕಾಲು ನಿಲ್ಲದಿರುವುದು ಏನೆಂದು ಅರ್ಧ ಗಂಟೆಯ ಹಿಂದೆ ನನಗೂ ಗೊತ್ತಾಗಿತ್ತು.

“ಹಾಗಾದ್ರೆ ನನಗೆ ಬೇರೆ ಹೆಸರು ಇತ್ತಾ?”

“ಇತ್ತು. ನಿಮ್ಮಮ್ಮ ಹೇಳಿ ಕಳಿಸಿದ್ಳು. ದಾರಿಯುದ್ದಕ್ಕೂ ಬಾಯಲ್ಲಿ ಹೇಳ್ಕೊಂಡೇ ಹೋಗಿದ್ದೆ.”

“ಏನು?”

ಅವನ ತುಟಿ ಅಲ್ಲಾಡಿತು. ಮಗುವಿನ ಬೆನ್ನ ಮೇಲಿದ್ದ ಕೈ ತಟ್ಟುವುದನ್ನು ನಿಲ್ಲಿಸಿತು. “ನೆನಪಾಗ್ತಿಲ್ಲ,” ಎಂದ. “ಮ ಅಕ್ಷರದಿಂದ ಶುರು ಆಗ್ತಿತ್ತು. ಮುಗಿಲು… ಅಲ್ಲ. ಅದಲ್ಲ. ಮುಗುಳು?” ತಲೆಯಾಡಿಸಿದ. “ಅದೂ ಅಲ್ಲ. ತಡಿ, ಬರುತ್ತೆ.”

ನನಗೆ ಅಳು ಬಂತು, ಅಳುವುದಕ್ಕೂ ಸುಸ್ತಾಗಿತ್ತು. ಕಿಟಕಿಯ ಸರಳಿಗೆ ಹಣೆ ಒರಗಿಸಿ ಕಣ್ಣು ಮುಚ್ಚಿದೆ. ನಮ್ಮ ನಿಲ್ದಾಣ ಬರುವವರೆಗೂ ಅಪ್ಪ ಒಂದೊಂದೇ ಹೆಸರು ತೆಗೆಯುತ್ತ ಹೋದ. ಒಂದೊಂದಕ್ಕೂ ನಾನು ಒಳಗೊಳಗೇ ಓಗೊಟ್ಟು ನೋಡುತ್ತಿದ್ದೆ. ಅವನು ಅಲ್ಲ ಅಂದಾಗ ಸುಮ್ಮನಾಗುತ್ತಿದ್ದೆ.