ಇಳಿಯಲು ಕಲಿಯದವನು

ಎಂಬತ್ನಾಲ್ಕನೆಯ ಇಸವಿಯ ಮಾಘದಲ್ಲಿ ಶಂಭುಲಿಂಗಪ್ಪ ಲಿಂಗೈಕ್ಯನಾದ ಸುದ್ದಿ ಬಂದಾಗ ನಾನು ಶಲವಡಿಯ ಶಾಲೆಯಲ್ಲಿ ತಪಾಸಣೆಗೆ ಕುಳಿತಿದ್ದೆ. ಅಂದೇ ಮಧ್ಯಾಹ್ನ ಅಣ್ಣಿಗೇರಿಯಲ್ಲಿ ಅವನನ್ನು ಮಣ್ಣು ಮಾಡುವವರಿದ್ದರು. ಬಸ್ಸು ಹೋಗಿಬಿಟ್ಟಿತ್ತು. ಗೆಳೆಯನ ಸಮಾಧಿಗೆ ಒಂದು ಹಿಡಿ ಮಣ್ಣನ್ನಾದರೂ ಹಾಕಬೇಕೆಂದು ಗುಡಿಯ ಕಟ್ಟೆಯಿಂದ ಸೈಕಲ್ ಹತ್ತಿದೆ.

ಐವತ್ತು ದಾಟಿ ಬೊಜ್ಜು ಬಂದ ನನಗೆ, ಹಳ್ಳಿ ತಿರುಗುವ ನೌಕರಿಗೆಂದು, ಸೈಕಲ್ ಕಲಿಸಿದವನು ಅವನೇ. ಕಟ್ಟೆಯಿಲ್ಲದೆ ನನಗೆ ಹತ್ತಲು ಬರುತ್ತಿರಲಿಲ್ಲ, ಇಳಿಯಲೂ ಬರುತ್ತಿರಲಿಲ್ಲ. ಇಳಿಯುವಾಗ ಅವನೇ ಓಡಿಬಂದು ಹಿಡಿಯುತ್ತಿದ್ದ.

“ನಿನ್ನ ಹಿಡಿಯೂದಕ್ಕಿಂತ ಹೋರಿ ಹಿಡಿಯೂದು ಹಗುರಲೇ!” ಎಂದು ನಗುತ್ತಿದ್ದ.

ಅಣ್ಣಿಗೇರಿ ಸಮೀಪಿಸಿದಾಗ ಎದುರಿನಿಂದ ಭಜನೆ ಕೇಳಿಸಿತು. ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಅವನನ್ನು ಕೂಡಿಸಿ, ಹೊತ್ತುಕೊಂಡು ಹೊಲದ ಕಡೆಗೆ ಬರುತ್ತಿದ್ದರು. ಶವ ಎದುರಾದರೆ ಇಳಿದು ಕೈಮುಗಿಯುವುದು ನಮ್ಮ ಪದ್ಧತಿ. ಸುತ್ತ ಕಟ್ಟೆಯಿಲ್ಲ, ಒಂದು ಕಲ್ಲೂ ಇಲ್ಲ. ಬ್ರೇಕು ಒತ್ತಿದವನೇ ವಿಮಾನದ ಮುಂದೆ ಸೈಕಲ್ ಸಮೇತ ಉರುಳಿದೆ. ಧೋತರ ಸರಪಳಿಗೆ ಸಿಕ್ಕು ಹರಿಯಿತು. ಭಜನೆ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಅವನ ಕೊನೆಯ ಯಾತ್ರೆಯನ್ನು ನಗೆಪಾಟಲು ಮಾಡಿದೆನಲ್ಲ ಎಂಬ ನಾಚಿಕೆಗೆ ನಾನು ತಲೆಯೆತ್ತದಾದೆ.

“ನಗಬ್ಯಾಡ್ರೋ,” ಎಂದಳು ಅವನ ಹೆಂಡತಿ ನೀಲಕ್ಕ. “ಅಣ್ಣಾರಿಗೆ ಇಳಿಯೂದು ಕಲಸೂದು ಉಳೀತು ಅಂತ ನಿನ್ನೆನೂ ಇವ್ರು ಅಂದ್ರು. ಏಳ್ರಿ ಅಣ್ಣಾರ, ಹೋಗೂಣು.”

ಹರಿದ ಧೋತರವನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲರ ಹಿಂದೆ ನಡೆದೆ. ಮಣ್ಣು ಹಾಕುವಾಗಲೂ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

ಶಿವನೇ, ನನ್ನ ಭಾರ ಹಿಡಿದು ದಣಿದ ಆ ಕೈಗಳಿಗೆ ನಿನ್ನ ಪಾದದಲ್ಲಿ ವಿಶ್ರಾಂತಿ ಕೊಡು. ಆ ಜೀವಕ್ಕೆ ಶಾಂತಿಯಿರಲಿ.