ಹಸಿ ನೀಲಿ

ಸಿಮೆಂಟ್ ಕಾರ್ಖಾನೆಯ ಬೋರ್ಡುಗಳನ್ನೆಲ್ಲ ಇಪ್ಪತ್ತು ವರ್ಷದಿಂದ ಬರೆದವಳು ಆಕೆ. ಎಲ್ಲರಿಗೂ ಬೋರ್ಡಕ್ಕ. ಅವಳ ಒಬ್ಬನೇ ತಮ್ಮ ಅಲ್ಲಿನ ಭಟ್ಟಿಯ ಬಳಿ ದುಡಿದು, ಎದೆ ಕೆಟ್ಟು, ಮನೆ ಹಿಡಿದಿದ್ದ. ಕಂಪನಿ ಡಾಕ್ಟರು ಚೀಟಿಯಲ್ಲಿ ಬರೆದದ್ದು ಸಿಗರೇಟಿನ ಚಟ ಎಂದು. ಅವನೋ ಸಿಗರೇಟು ಕೈಯಲ್ಲಿ ಹಿಡಿದವನೇ ಅಲ್ಲ. ಅದನ್ನು ಓದಿದಂದಿನಿಂದ ಅಕ್ಕನ ಹೊಟ್ಟೆಗೆ ಕೆಂಡ ಬಿದ್ದಿತ್ತು.

ಕಾರ್ಖಾನೆಗೆ ಐವತ್ತು ತುಂಬುವ ಸಮಾರಂಭಕ್ಕೆ ಎಣ್ಣೆ ಬಣ್ಣದಲ್ಲಿ ಅದರದೇ ದೊಡ್ಡ ಚಿತ್ರ ಬೇಕೆಂದು ಮ್ಯಾನೇಜರ್ ಹೇಳಿಕಳಿಸಿದ. ಅವಳು ಒಲ್ಲೆ ಎಂದಳು. ತಮ್ಮನೇ, ಕಂಡದ್ದನ್ನು ಕಂಡ ಹಾಗೆ ಬರಿ ಅಂತ ಒಪ್ಪಿಸಿದ.

ಗೇಟಿಗೆ, ಲಾರಿಗಳಿಗೆ ಗಾಢ ಬಣ್ಣ, ಚೂಪು ಗೆರೆ. ಚಿತ್ರದಲ್ಲಿ ದೂರ ಸರಿದಂತೆಲ್ಲ ಬಣ್ಣಕ್ಕೆ ಬಿಳಿ, ಬೂದು ಬೆರೆಸುತ್ತ ಹೋದಳು. ಅಂಚುಗಳನ್ನು ಒಣ ಕುಂಚದಿಂದ ಸವರಿ ಮಸುಕು ಮಾಡಿದಳು. ಎಲ್ಲಕ್ಕೂ ಹಿಂದಿನ ಮೂರನೇ ಚಿಮಣಿ ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ನೋಡಿದರೆ ಕಣ್ಣು ಒಂದು ಮೈಲಿ ಒಳಗೆ ಹೋಗುತ್ತಿತ್ತು.

ಮ್ಯಾನೇಜರ್ ಗೇಟನ್ನು ಹೊಗಳಿದ, ಆಕಾಶ ಮಾತ್ರ ನೀಲಿಯಾಗಲಿ ಎಂದ. ಆ ಮಬ್ಬು ತೆಗೆದರೆ ದೂರವೇ ಇರಲ್ಲ, ಚಿಮಣಿ ಬಂದು ಲಾರಿಯ ತಲೆ ಮೇಲೆ ಕೂರುತ್ತೆ ಎಂದು ಅವಳು ತಿಳಿಹೇಳಿದಳು.

“ಅಷ್ಟು ಧೂಳು ನಮ್ಮಲ್ಲಿ ಎಲ್ಲಮ್ಮಾ ಇದೆ?”

ಅವಳು ಕಿಟಕಿ ತೆರೆದು, ಮೂರನೇ ಚಿಮಣಿ ಬೆರಳು ಮಾಡಿ ತೋರಿಸಿ ಎಂದಳು. ಅವನು ಕೆಮ್ಮಿ ಕಿಟಕಿ ಮುಚ್ಚಿದ. ನಾನಂತೂ ಮುಟ್ಟಲ್ಲ ಎಂದು ಅವಳು ಚಿತ್ರವನ್ನು ಅಲ್ಲೇ ಬಿಟ್ಟು ಹೊರಟಳು.

ಒಂದು ತಿಂಗಳ ಮೇಲೆ ಸಮಾರಂಭ. ತಮ್ಮನನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಲ್ಲಿ ಕೂತಳು. ಪರದೆ ಸರಿಯಿತು. ಯಾರ ಕೈಯಲ್ಲೋ ಬಳಿಸಿದ ಬೋಳು ನೀಲಿ ಆಕಾಶ, ಈಟಿ ನೆಟ್ಟಂತೆ ಮೂರನೇ ಚಿಮಣಿ. ಮೂಲೆಯಲ್ಲಿ ಅವಳದೇ ಸಹಿ.

ಮೈಯೆಲ್ಲ ಉರಿದುಹೋಯಿತು. ಎದ್ದು ವೇದಿಕೆ ಹತ್ತಿದಳು. ಬೆರಳಿಟ್ಟು ನೋಡಿದರೆ ನೀಲಿ ಇನ್ನೂ ಹಸಿ. ಮೊನ್ನೆಯಷ್ಟೇ ಬಳಿಸಿರಬೇಕು, ಎಣ್ಣೆ ಬಣ್ಣ ಒಂದೆರಡು ದಿನಕ್ಕೆ ಒಣಗುವುದಿಲ್ಲ. ಕೆಳಗಿನ ಅವಳ ಬಣ್ಣ ಗಟ್ಟಿಯಾಗಿತ್ತು. ಪರದೆಯನ್ನೇ ಕಿತ್ತು ಉಜ್ಜತೊಡಗಿದಳು. ಮ್ಯಾನೇಜರ್ ಕಾವಲಿನವರನ್ನು ಕೂಗಿದ. ಅವರಿಗೆ ಅಂದು ಯಾಕೋ ಕಾಲೇ ಬರಲಿಲ್ಲ.

“ಇದು ಒರೆಸಿದ್ರೆ ಹೋಗುತ್ತೆ ಸ್ವಾಮಿ,” ಎಂದಳು ತಮ್ಮನ ಕಡೆ ಕೈ ತೋರಿಸಿ. “ಅವನ ಎದೆ ಒಳಗಿರೋದನ್ನ ಯಾವ ಬಟ್ಟೆ ತಗೊಂಡು ಒರೆಸಲಿ?”

ನೀಲಿ ಪೂರ್ತಿ ಹೋಗಲಿಲ್ಲ, ಕಲೆ ಕಲೆಯಾಗಿ ಉಳಿಯಿತು.

ಬೋರ್ಡಿನ ಕೆಲಸ ಅಂದೇ ಹೋಯಿತು. ಮರುದಿನ ಪಾಳಿ ಬಿಟ್ಟ ಮೂವತ್ತು ಜನ, ನಮ್ಮ ಎದೆಯನ್ನು ಬೇರೆ ಆಸ್ಪತ್ರೆಯಲ್ಲಿ ತೋರಿಸಿ ಎಂದು ಗೇಟಿಗೆ ಅಡ್ಡ ಕೂತರು. ಅಕ್ಕನೂ ಹೋಗಿ ನಡುವೆ ಕೂತಳು. ಯಾರೋ ನೀರು ಕೊಟ್ಟು, ಸಮಾಧಾನ ಮಾಡ್ಕೊಳ್ಳಿ ಎಂದರು. ನೀರು ಕುಡಿದಳು, ಸಮಾಧಾನದ ಮಾತು ಆಮೇಲೆ ನೋಡೋಣ ಎಂದಳು.